ವಕಾಲತ್ತು ಹಾಕದ ವಕೀಲರು

ನನ್ನ ವಿಚ್ಛೇದನದ ಲೆಕ್ಕಕ್ಕೆ ಅಂತಲೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಮಗಳಿಗೆ ಗಣಿತದ ಪುಸ್ತಕ ಕೊಳ್ಳುವಾಗ ಅಂಥದೇ ಇನ್ನೊಂದು ಕೊಂಡೆ. ಎಡಗಡೆ ತಾರೀಖು, ಬಲಗಡೆ ದುಡ್ಡು. ಹದಿನೇಳು ವರ್ಷ ಅಕೌಂಟ್ಸ್ ವಿಭಾಗದಲ್ಲಿ ಕೂತವಳಿಗೆ ಅಳು ಬಂದಾಗಲೂ ಕೈ ಮೊದಲು ಹುಡುಕುವುದು ಪೆನ್ನನ್ನೇ.

ಮೊದಲ ಪುಟದಲ್ಲಿ ಹೀಗಿದೆ: ವಕೀಲರಿಗೆ ಮುಂಗಡ, 40,000.

ಸಂಬಂಧಿಕರೊಬ್ಬರು ತೋರಿಸಿದ ವಕೀಲರು ಅವರು. ಹೆಸರು ಇಲ್ಲಿ ಬೇಡ. ‘ಪೂರ್ತಿ ಪ್ಯಾಕೇಜು ಒಂದು ಲಕ್ಷ ಇಪ್ಪತ್ತು ಸಾವಿರ, ನೀವು ಏನೂ ತಲೆ ಕೆಡಿಸ್ಕೋಬೇಡಿ’ ಅಂದರು. ಮದುವೆ ಛತ್ರದವರೂ ಹದಿನಾಲ್ಕು ವರ್ಷದ ಹಿಂದೆ ಇದೇ ಮಾತು ಹೇಳಿದ್ದರು. ಪ್ಯಾಕೇಜಿನ ಒಳಗೆ ಏನಿದೆ, ಹೊರಗೆ ಏನಿದೆ ಎಂದು ನಾನು ಕೇಳಲಿಲ್ಲ. ಕಂಪನಿಗೆ ಪ್ರಿಂಟರ್ ಕೊಳ್ಳುವಾಗ ಮೂರು ಕೊಟೇಶನ್ ತರಿಸುವವಳು, ನನ್ನ ಬದುಕಿನ ಕಾಗದಕ್ಕೆ ಒಂದು ರಸೀದಿಯನ್ನೂ ಕೇಳದೆ ದುಡ್ಡು ಕೊಟ್ಟು ಬಂದೆ.

ಅರ್ಜಿಯ ಕರಡು ಬಂತು. ಅದರಲ್ಲಿ ನನ್ನ ಗಂಡ ಮಹಾ ಕುಡುಕ. ವಾಸ್ತವದಲ್ಲಿ ಆತ ಹಬ್ಬದ ದಿನ ಎರಡನೇ ಲೋಟ ಕಾಫಿ ಕುಡಿದರೂ ಎದೆಯುರಿ ಅನ್ನುವ ಮನುಷ್ಯ. ನಮ್ಮ ಜಗಳವೇ ಬೇರೆಯದಿತ್ತು. ಯಾರದೋ ಅರ್ಜಿಯಲ್ಲಿ ಹೆಸರು ಬದಲಾಯಿಸಿ ನನಗೆ ಕೊಟ್ಟಿದ್ದರು. ತಿದ್ದಿಸಿದ ಮೇಲೆಯೇ ಸಹಿ ಹಾಕಿದೆ. ಆಮೇಲೆ ನಾಲ್ಕು ವಾಯಿದೆ, ವಾಯಿದೆಗೆ ಎರಡು ಸಾವಿರ. ಟೈಪಿಂಗು, ನೋಟರಿ, ‘ಇತರೆ’ ಸೇರಿ ಆರೂವರೆ ಸಾವಿರ. ಒಂದು ಸಂಜೆ, ಕೈಗೆ ಬರುವ ಪರಿಹಾರದ ಮೊತ್ತದಲ್ಲಿ ಶೇಕಡಾ ಐದು ತಮಗೆ ಎಂಬ ಮಾತೂ ಬಂತು. ಕೇಸಿನ ಫಲದ ಮೇಲೆ ಫೀಸು ಕಟ್ಟುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಅದು ನನಗಾಗ ಗೊತ್ತಿರಲಿಲ್ಲ, ಹೊಟ್ಟೆಯಲ್ಲಿ ಮಾತ್ರ ಏನೋ ಕಿವುಚಿತು. ನೋಟ್‌ಬುಕ್ಕಿನಲ್ಲಿ ಕೂಡಿಸಿ ನೋಡಿದೆ: 54,500. ಕೇಸು ಇದ್ದ ಜಾಗದಲ್ಲೇ ಇತ್ತು.

ಆ ವಾರ ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡ ಹಿರಿಯ ವಕೀಲೆಯೊಬ್ಬರ ಬಳಿ ಒಂದು ಗಂಟೆ ಕೇಳಿ ಹೋದೆ. ಎರಡೂವರೆ ಸಾವಿರ. ಫೈಲು ಇಲ್ಲದೆ ಬರೀ ಬಾಯಲ್ಲಿ ಹೇಳಿದ್ದನ್ನು ಕೇಳಿ, ಅವರು ನನ್ನ ಕಡೆಗೇ ಪ್ರಶ್ನೆ ಎಸೆದರು: ‘ಇದರಲ್ಲಿ ನಿಮ್ಮ ಕೈಲಿ ಆಗದ ಕೆಲಸ ಯಾವುದು ಹೇಳಿ. ಅಷ್ಟನ್ನ ನನ್ನ ಹತ್ರ ಮಾಡಿಸ್ಕೊಳ್ಳಿ.’

ಫ್ಯಾಮಿಲಿ ಕೋರ್ಟು ಬೇರೆ ಕೋರ್ಟುಗಳ ಹಾಗಲ್ಲ ಎಂದು ತಿಳಿದದ್ದು ಅವತ್ತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ಕೋರ್ಟು ಅನುಮತಿ ಕೊಟ್ಟರೆ ಉಂಟು. ಗಂಡ ಹೆಂಡತಿ ತಾವೇ ಬಂದು ಮಾತಾಡಲಿ, ಬೇಕಾದರೆ ಕೋರ್ಟೇ ಒಬ್ಬ ಕಾನೂನು ಬಲ್ಲವರ ನೆರವು ಪಡೆಯಲಿ ಎಂಬುದು ಕಾಯ್ದೆಯ ಮನಸ್ಸು. ರೂಢಿಯಲ್ಲಿ ಎಲ್ಲರೂ ವಕೀಲರೊಂದಿಗೇ ಹೋಗುತ್ತಾರೆ, ಕೋರ್ಟೂ ಒಪ್ಪುತ್ತದೆ.

ಆ ವಕೀಲೆ ವಕಾಲತ್ತು ಹಾಕಲು ಒಪ್ಪಲಿಲ್ಲ. ಒಮ್ಮೆ ವಕಾಲತ್ತು ಹಾಕಿದರೆ ಕೇಸು ಮುಗಿಯುವವರೆಗೆ, ಇಲ್ಲವೇ ಕೋರ್ಟಿನ ಅನುಮತಿ ಪಡೆದು ಹಿಂತೆಗೆಯುವವರೆಗೆ ಇಡೀ ಹೊರೆ ವಕೀಲರ ಹೆಗಲ ಮೇಲೆ. ಹೊರೆಗೆ ತಕ್ಕ ಫೀಸು. ಅದರ ಬದಲು ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಆಸ್ತಿ-ಆದಾಯದ ಅಫಿಡವಿಟ್ ತಿದ್ದುವುದು, ರಾಜಿ ಕರಾರು ಓದುವುದು, ಕೇಳಿದಾಗ ಒಂದು ಗಂಟೆ ಸಲಹೆ. ಕೋರ್ಟಿಗೆ ಬರುವುದಿಲ್ಲ, ತಾರೀಖು ನೆನಪಿಡುವುದು ನನ್ನ ಕೆಲಸ. ಕೆಳಗೆ ಇಬ್ಬರ ಸಹಿ. ಫ್ರೀಮಾಂಟಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಇದನ್ನು ಕೇಳಿ ನಕ್ಕಳು. ಕ್ಯಾಲಿಫೋರ್ನಿಯಾದ ಫ್ಯಾಮಿಲಿ ಕೋರ್ಟುಗಳಲ್ಲಿ ಇಂಥ ಅರೆಪಾಲು ವಕೀಲಿಗೆ ಅಚ್ಚಾದ ಫಾರಂ ಇದೆಯಂತೆ. ನಮ್ಮಲ್ಲಿ ಆ ಹಾಳೆಯೇ ಫಾರಂ. ಹಾಳೆ ಯಾಕೆ ಮುಖ್ಯ ಅಂದರೆ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ಹೇಳಿಬಿಟ್ಟಿದೆ. ಕೆಟ್ಟ ಮಿಕ್ಸಿಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕೆಟ್ಟ ಕರಡಿಗೆ ಆಗದು.

ಹಳೆಯ ವಕೀಲರು ಬಾಕಿ ಎಂಬತ್ತು ಸಾವಿರ ಕೊಟ್ಟರಷ್ಟೇ ಫೈಲು ಅಂದರು. ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬ ಸುಪ್ರೀಂ ಕೋರ್ಟಿನ ತೀರ್ಪು 2000ದಿಂದಲೂ ಇದೆ, ಆರ್.ಡಿ. ಸಕ್ಸೇನಾ ಪ್ರಕರಣದ್ದು. ಅದನ್ನು ನಮೂದಿಸಿ ನಾಲ್ಕು ಸಾಲಿನ ಪತ್ರ ಕಳಿಸಿದೆ. ಎರಡು ವಾರಕ್ಕೆ ಫೈಲೂ ಬಂತು, ವಕೀಲರನ್ನು ಬದಲಿಸಲು ತಮ್ಮ ಅಡ್ಡಿಯಿಲ್ಲ ಎಂಬ ಎನ್‌ಒಸಿಯೂ ಬಂತು.

ಜೀವನಾಂಶ ಕೇಳುವ ಪ್ರಕರಣಗಳಲ್ಲಿ ಎರಡೂ ಕಡೆಯವರು ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬಿಚ್ಚಿಡಬೇಕು; ರಜನೀಶ್-ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಹಾಕಿಕೊಟ್ಟ ನಮೂನೆ ಅದು. ಮಗಳ ಖರ್ಚಿಗೆ ನಾನು ಕೇಳಿದ್ದರಿಂದ ನಾನೂ ತುಂಬಬೇಕಿತ್ತು. ಇದಕ್ಕೆ ವಕೀಲರಿಗೆ ಯಾಕೆ ದುಡ್ಡು ಕೊಡಬೇಕು? ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಫಾರಂ 16, ಶಾಲೆಯ ರಸೀದಿ, ಹಾಲಿನ ಕಾರ್ಡು ಹರಡಿಕೊಂಡು ಎರಡು ರಾತ್ರಿ ಕೂತೆ. ಬರೆಯುತ್ತ ಬರೆಯುತ್ತ ಮನೆ ಹೇಗೆ ನಡೆಯುತ್ತಿತ್ತು ಅನ್ನುವುದು ನನಗೇ ಮೊದಲ ಸಲ ಕಂಡಿತು. ವಕೀಲೆ ಆರು ಸಾವಿರ ತೆಗೆದುಕೊಂಡು ಏಳು ಕಡೆ ಕೆಂಪು ಗೆರೆ ಎಳೆದರು. ಅದರಲ್ಲೊಂದು, ನನ್ನ ಪಿಎಫ್ ಬರೆಯಲು ನಾನು ಮರೆತದ್ದು. ‘ಆತನ ಸುಳ್ಳು ಹಿಡೀಬೇಕು ಅಂದ್ರೆ ನಿಮ್ಮ ಪಟ್ಟಿ ಸಾಚಾ ಇರಬೇಕು’ ಅಂದರು.

ಲಾಲ್‌ಬಾಗ್ ಮೆಟ್ರೊದಲ್ಲಿಳಿದು ಆಟೊ ಹಿಡಿದು, ಊರ್ವಶಿ ಟಾಕೀಸಿರುವ ಸಿದ್ದಯ್ಯ ರಸ್ತೆಯಲ್ಲಿ ಫ್ಯಾಮಿಲಿ ಕೋರ್ಟಿನ ಕಟ್ಟಡವಾದ ನ್ಯಾಯದೇಗುಲಕ್ಕೆ ಒಂಬತ್ತು ಸಲ ಹೋದೆ. ‘ಎಲ್ಲಮ್ಮ ನಿಮ್ಮ ವಕೀಲರು?’ ಎಂಬ ಪ್ರಶ್ನೆಗೆ ‘ನಾನೇ ಮೇಡಂ’ ಅನ್ನುವಾಗ ಮೊದಲ ಸಲ ಗಂಟಲು ಒಣಗಿತ್ತು. ಮೂರನೇ ಸಲಕ್ಕೆ ರೂಢಿಯಾಯಿತು. ಕೋರ್ಟು ನಮ್ಮನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿತು. 2007ರಿಂದ ನಡೆಯುತ್ತಿರುವ ಕೇಂದ್ರ, ಕೋರ್ಟು ಕಳಿಸಿದವರಿಗೆ ಅಲ್ಲಿ ಫೀಸಿಲ್ಲ. ಮೂರು ಬೈಠಕ್ಕಿನಲ್ಲಿ ಪರಸ್ಪರ ಸಮ್ಮತಿಗೆ ಬಂದೆವು. ಆತನೂ ನನ್ನಷ್ಟೇ ದಣಿದಿದ್ದ.

ನನ್ನ ಇಡೀ ಖರ್ಚಿನಲ್ಲಿ ಅತಿ ಸಾರ್ಥಕವಾದದ್ದು ರಾಜಿ ಕರಾರು ಓದಿಸಿದ ಒಂಬತ್ತು ಸಾವಿರ. ಆತನ ಕಡೆಯಿಂದ ಬಂದ ಕರಡಿನಲ್ಲಿ ಒಂದು ಸಾಲಿತ್ತು: ಬನಶಂಕರಿ ಆರನೇ ಹಂತದ ಫ್ಲ್ಯಾಟು ಗಂಡನಿಗೆ, ಗೃಹಸಾಲವನ್ನು ಆತನೇ ತೀರಿಸತಕ್ಕದ್ದು. ನನಗೆ ಅದು ಸರಿಯಾಗೇ ಕಂಡಿತ್ತು. ವಕೀಲೆ ಕನ್ನಡಕ ತೆಗೆದು ಕೇಳಿದರು: ‘ಇದನ್ನ ಬ್ಯಾಂಕಿಗೆ ಹೇಳಿದೋರು ಯಾರು?’

ಸಾಲದ ಪತ್ರದಲ್ಲಿ ನಾನು ಸಹಸಾಲಗಾರ್ತಿ. ನಾವಿಬ್ಬರು ಕೋರ್ಟಿನಲ್ಲಿ ಏನು ಒಪ್ಪಿಕೊಂಡರೂ ಬ್ಯಾಂಕು ಆ ಒಪ್ಪಂದದಲ್ಲಿ ಇಲ್ಲ. ಆತ ಕಂತು ತಪ್ಪಿಸಿದರೆ ನೋಟಿಸು ನನಗೂ ಬರುತ್ತದೆ, ಸಿಬಿಲ್ ಅಂಕ ನನ್ನದೂ ಬೀಳುತ್ತದೆ, ಡಿಕ್ರಿಯ ಪ್ರತಿ ತೋರಿಸಿದರೆ ಬ್ಯಾಂಕಿನವರು ಓದಿ ವಾಪಸು ಕೊಡುತ್ತಾರೆ. ಇನ್ನೊಂದು ಮಾತು ನನಗಂತೂ ಹೊಳೆಯುತ್ತಲೇ ಇರಲಿಲ್ಲ. ಫ್ಲ್ಯಾಟಿನ ನನ್ನ ಅರ್ಧ ಪಾಲನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಡಬೇಕಲ್ಲ, ಕುಟುಂಬದವರ ನಡುವೆ ಬರೆದ ಅಂಥ ಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿಯಾದ ಮರುದಿನದಿಂದ ನಾವು ಕುಟುಂಬವಲ್ಲ.

ಹಾಗಾಗಿ ಕರಾರಿನ ಕ್ರಮವನ್ನೇ ತಿರುವಿ ಬರೆದರು. ಮೊದಲು ಬ್ಯಾಂಕು ಸಾಲವನ್ನು ಆತನೊಬ್ಬನ ಹೆಸರಿಗೆ ಮಾಡಿ ನನ್ನನ್ನು ಬಿಡುಗಡೆ ಮಾಡಿದ ಪತ್ರ ಕೊಡಬೇಕು. ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಸಹಿ ಹಾಕುವಾಗ ನನ್ನ ಪಾಲಿನ ಡಿಡಿ ನನ್ನ ಕೈಯಲ್ಲಿರಬೇಕು. ಡಿಕ್ರಿ ಇವೆರಡಾದ ಮೇಲೆ. ಆತ ಗೊಣಗಿದ, ಆದರೆ ಮುದ್ರಾಂಕ ಉಳಿಯುವುದು ಆತನಿಗೇ ಎಂದು ಗೊತ್ತಾದ ಮೇಲೆ ಸುಮ್ಮನಾದ. ಪರಸ್ಪರ ಸಮ್ಮತಿಯ ಎರಡು ಹಂತಗಳ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರ ಅಮರದೀಪ್ ಸಿಂಗ್ ತೀರ್ಪಿನಲ್ಲಿದೆ. ನಾವು ಬೇರೆಯಾಗಿ ಎರಡು ವರ್ಷ ದಾಟಿತ್ತು. ಆ ಅರ್ಜಿಯನ್ನೂ ಹಾಕಿದೆವು, ಸಿಕ್ಕಿತು.

ಈ ದಾರಿ ಎಲ್ಲರಿಗಲ್ಲ. ಹೊಡೆತ ಬಡಿತ ಇದ್ದ ಮನೆ, ಮಗುವನ್ನು ಎತ್ತಿಕೊಂಡು ಹೋದ ಗಂಡ ಅಥವಾ ಹೆಂಡತಿ, ಬೇನಾಮಿ ಆಸ್ತಿ: ಇಂಥ ಕಡೆ ಪೂರ್ತಿ ವಕಾಲತ್ತಿನ ವಕೀಲರೇ ಬೇಕು, ಜಿಪುಣತನ ಸಲ್ಲದು. ದುಡ್ಡಿಲ್ಲದಿದ್ದರೂ ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳದವಳಾದರೂ ಉಚಿತ ವಕೀಲರನ್ನು ಕೇಳಬಹುದು. ಪ್ರಾಧಿಕಾರದ ಕಚೇರಿ ಇರುವುದೂ ಅದೇ ನ್ಯಾಯದೇಗುಲದಲ್ಲಿ. ನಾನು ಅದರ ಬೋರ್ಡಿನ ಮುಂದೆ ನಾಲ್ಕು ವಾಯಿದೆ ಓಡಾಡಿದ್ದೆ, ‘ಅದು ಬಡವರಿಗೆ’ ಅಂದುಕೊಂಡು.

ನೋಟ್‌ಬುಕ್ಕಿನ ಕೊನೆಯ ಪುಟ. ಐದು ಗಂಟೆಯ ಸಲಹೆ 12,500, ಅಫಿಡವಿಟ್ 6,000, ಕರಾರು 9,000. ನಾನೇ ನಿಂತದ್ದಕ್ಕೆ ಒಂಬತ್ತು ದಿನದ ಸಂಬಳರಹಿತ ರಜೆ, ದಿನಕ್ಕೆ 2,600ರಂತೆ 23,400. ಇದನ್ನು ಲೆಕ್ಕಕ್ಕೆ ಹಿಡಿಯದೆ ‘ನಾನೇ ವಾದಿಸಿ ಉಳಿಸಿದೆ’ ಅನ್ನುವವರನ್ನು ನಂಬಬೇಡಿ. ಆಟೊ, ಜೆರಾಕ್ಸು, ದೃಢೀಕೃತ ಪ್ರತಿ 3,800. ಒಟ್ಟು 54,700.

ಮೊದಲ ವಕೀಲರಿಗೆ ಹೋದದ್ದಕ್ಕಿಂತ ಇನ್ನೂರು ರೂಪಾಯಿ ಹೆಚ್ಚು. ಅವರ ಲೆಕ್ಕದಲ್ಲಿ ನಾಲ್ಕು ವಾಯಿದೆ ಬಂದಿತ್ತು, ಇದರಲ್ಲಿ ಡಿಕ್ರಿ ಬಂತು. ವಕೀಲರ ಬಳಿ ಹೋಗುವವರು ಇದ್ದರೆ ಒಂದು ಖಾಲಿ ಹಾಳೆ ಒಯ್ಯಿರಿ. ಅವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು ಬರೆಸಿ ಸಹಿ ಮಾಡಿಸಿಕೊಂಡ ಮೇಲೆ ಪರ್ಸು ತೆರೆಯಿರಿ.