ಮರದ ಹಡಗಿನ ಮಾದರಿ



ಮರದ ಹಡಗಿನ ಮಾದರಿಯನ್ನು ಕಟ್ಟುವದು ಬಾಲಕರಿಗೆ ಮಾತ್ರ ತಕ್ಕ ವಿನೋದವೆಂದು ಕೆಲವರು ಎಣಿಸುತ್ತಾರೆ. ಆದರೆ ಹೊಲಿಗೆಯಲ್ಲಿ ಪಳಗಿದ ಬೆರಳುಗಳಿಗೆ ಇದು ಹೊಸತೇನೂ ಅಲ್ಲ. ಅಳತೆಯೂ ತಾಳ್ಮೆಯೂ ಇದ್ದರೆ ಸಾಕು. ಇವೆರಡಕ್ಕಿಂತಲೂ ಮುಖ್ಯವಾದ ಇನ್ನೊಂದನ್ನು ಕೆಲಸವು ತಾನೇ ಕಲಿಸುವದು.

ಮೊದಲು ನಿಜವಾದ ಹಡಗನ್ನು ಅರಿಯಬೇಕು. ದೃಷ್ಟಾಂತಕ್ಕಾಗಿ ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು ತೆಗೆದುಕೊಳ್ಳೋಣ. ಇದು ಬ್ರಿಟಿಷ್ ನೌಕಾಪಡೆಗಾಗಿ ಮುಂಬಯಿಯಲ್ಲಿ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರಸಿ ಶಿಲ್ಪಿಯ ಕೈಕೆಳಗೆ ಸಾಗುವಾನಿ ಮರದಿಂದ ಕಟ್ಟಲ್ಪಟ್ಟು, 1817ರಲ್ಲಿ ನೀರಿಗಿಳಿಯಿತು. ಸಾಗುವಾನಿಯ ಬಾಳಿಕೆ ಎಷ್ಟೆಂದರೆ, ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಪಟ್ಟಣದಲ್ಲಿ ತೇಲುತ್ತಲಿದೆ.

ಅದರ ತೋಪುಗಳ ಅಟ್ಟದ ಉದ್ದವು ಸುಮಾರು 150 ಅಡಿ, ಅಗಲವು ಸುಮಾರು 40 ಅಡಿ. 8 ಅಡಿಗೆ 1 ಅಂಗುಲದಂತೆ ಕಿರಿದು ಮಾಡಿದರೆ ಮಾದರಿಯಲ್ಲಿ ಆ ಉದ್ದವು ಸುಮಾರು 19 ಅಂಗುಲವೂ ಅಗಲವು 5 ಅಂಗುಲವೂ ಆಗುವದು. ಅದರ ಮೇಲೆ ನಿಂತ ನಾವಿಕನ ಎತ್ತರ ಮುಕ್ಕಾಲು ಅಂಗುಲಕ್ಕಿಂತಲೂ ಕಡಿಮೆ! ಆದಕಾರಣ ಸಾಗುವಾನಿಯ ಹಡಗಿನ ಮಾದರಿಗೆ ಸಾಗುವಾನಿ ಒಪ್ಪುವದಿಲ್ಲ. ಯಾಕಂದರೆ ಹಡಗು ಕಿರಿದಾದರೂ ಮರದ ಎಳೆಗಳು ಕಿರಿದಾಗುವದಿಲ್ಲ. ಆ ಪುಟ್ಟ ನಾವಿಕನ ಕಾಲಡಿಯಲ್ಲಿ ಅವು ಕಾಲುವೆಗಳಂತೆ ತೋರುವವು. ಚನ್ನಪಟ್ಟಣದ ಬೊಂಬೆಗಳಿಗೆ ಉಪಯೋಗಿಸುವ ಆಲೆ ಮರದಂಥ ನುಣುಪಾದ ಮರವೇ ಲೇಸು.

ಹಡಗಿನ ಬೆನ್ನೆಲುಬಾದ ಅಡಿಮರವನ್ನೂ ಅದಕ್ಕೆ ಅಡ್ಡವಾಗಿ ನಿಲ್ಲುವ ಪಕ್ಕೆಗಳನ್ನೂ ನಕ್ಷೆಯಂತೆ ಕತ್ತರಿಸಿ ಅಂಟಿಸಿರಿ. ಹಡಗಿನ ಎರಡು ತುದಿಗಳ ಕಡೆಗಿರುವ ಪಕ್ಕೆಗಳ ಅಂಚನ್ನು ಅರದಿಂದ ಓರೆಯಾಗಿ ತಿಕ್ಕಬೇಕು. ಇಲ್ಲವಾದರೆ ಮೇಲೆ ಕೂಡ್ರಿಸುವ ಪಟ್ಟಿಯು ಅಂಚಿನ ಮೂಲೆಯನ್ನು ಮಾತ್ರ ಮುಟ್ಟುವದು. ಮರದ ಪಟ್ಟಿಗಳನ್ನು ನೀರಿನಲ್ಲಿ ನೆನೆಯಿಸಿ, ಬಗ್ಗಿಸಿ, ಒಣಗಿದ ಮೇಲೆ ಅಂಟಿಸತಕ್ಕದ್ದು. ಮೂತಿಯ ಹತ್ತಿರ ಹಡಗಿನ ಸುತ್ತಳತೆಯು ಕಡಿಮೆಯಾದದರಿಂದ ಪ್ರತಿಯೊಂದು ಪಟ್ಟಿಯನ್ನು ಅಲ್ಲಿ ಸಪುರ ಮಾಡಬೇಕು. ಎಡಕ್ಕೆ ಒಂದು ಪಟ್ಟಿಯಾದರೆ ಬಲಕ್ಕೆ ಒಂದು. ಈ ಕ್ರಮವನ್ನು ಎಂದಿಗೂ ಮೀರಬಾರದು.

ನಮ್ಮ ಶಾಲೆಯ ಒಬ್ಬ ಹುಡುಗಿಯು ಈ ಕ್ರಮವನ್ನು ಮೀರಿ ಒಂದು ಪಕ್ಕವನ್ನೆಲ್ಲಾ ಮೊದಲು ಮುಗಿಸಿದಳು. ಪಟ್ಟಿಗಳು ಎಳೆದು ಅಡಿಮರವೇ ಬಾಗಿಹೋಯಿತು. ಪ್ರದರ್ಶನಕ್ಕೆ ಎಂಟೇ ದಿನಗಳು ಉಳಿದಿದ್ದವು. ಲಪ್ಪ ತುಂಬಿ ಬಣ್ಣ ಬಳಿದರೆ ಯಾರಿಗೂ ತಿಳಿಯದೆಂದು ಹೇಳಿದವಳು ನಾನೇ. "ನನಗೆ ತಿಳಿದಿರುತ್ತದಲ್ಲಾ, ಟೀಚರಮ್ಮಾ" ಎಂದು ಮೆಲ್ಲನೆ ಹೇಳಿ, ಅವಳು ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಅಡಿಮರವನ್ನು ತಿದ್ದಿದಳು. ಪ್ರದರ್ಶನದ ದಿನ ಮೇಜಿನ ಮೇಲೆ ಬರೇ ಪಕ್ಕೆಗಳ ಹಡಗು ನಿಂತಿತ್ತು. ಬಂದವರು ಬಾಗಿ ಬಾಗಿ ಅದರ ಒಳಗನ್ನು ನೋಡಿದರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಕುಶಲಿಗಳು ಮಾಡಿದ ಅನೇಕ ಮಾದರಿಗಳಲ್ಲಿಯೂ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಗಳು ಕಾಣುವಂತೆ ಬಿಟ್ಟಿರುವರೆಂದು ಆಗ ನನಗೆ ನೆನಪಾಯಿತು. ಒಳಗು ನೆಟ್ಟಗಿದ್ದವನಿಗೆ ಮುಚ್ಚುವ ಅವಸರವಿಲ್ಲ.

ಕೊನೆಯ ಮೆರುಗಿನಲ್ಲಿಯೂ ಇದೇ ನ್ಯಾಯ. ಮೊದಲು ದೊರಗು, ಆಮೇಲೆ ನುಣುಪು ಮರಳುಕಾಗದದಿಂದ ಎಳೆಯ ನೇರಕ್ಕೆ ಉಜ್ಜಿ, ಧೂಳನ್ನು ಬಟ್ಟೆಯಿಂದ ಒರಸಿರಿ. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಹಚ್ಚಿ, ಪೂರ್ಣವಾಗಿ ಒಣಗಿದ ಮೇಲೆ ಹಗುರವಾಗಿ ಉಜ್ಜಿ ಪುನಃ ಹಚ್ಚಿರಿ. ತೆಳುವಾದ ಮೂರು ಲೇಪಗಳು ದಪ್ಪವಾದ ಒಂದಕ್ಕಿಂತ ಮೇಲು. ದಪ್ಪ ಲೇಪವು ಹಲಗೆಗಳ ಸಂದುಗಳನ್ನು ತುಂಬಿ, ಹಡಗನ್ನು ಕನ್ನಡಿಯಂತೆ ಹೊಳೆಯಿಸುವದು. ಕಡಲಿನಲ್ಲಿ ದುಡಿದ ಹಡಗು ಹಾಗೆ ಹೊಳೆಯುವದಿಲ್ಲ. ಹಗ್ಗಗಳಿಗಾಗಿ ನೂಲನ್ನು ಜೇನುಮೇಣದ ಮೇಲೆ ಎಳೆದರೆ ಅದರ ನವಿರು ಅಡಗುವದು. ಕೂವೆಕಂಬವನ್ನು ಬಿಗಿದಿಡುವ ಹಗ್ಗಗಳಿಗೆ ಡಾಂಬರು ಹಚ್ಚುತ್ತಿದ್ದದರಿಂದ ಅವುಗಳನ್ನು ಕಪ್ಪಾಗಿಯೂ, ಹಾಯಿಗಳನ್ನು ಎಳೆಯುವವುಗಳನ್ನು ಕಂದಾಗಿಯೂ ಮಾಡಿರಿ.

ಆ ಹುಡುಗಿಯ ಹಡಗು ಮುಂದಿನ ವರುಷ ಪೂರ್ತಿಯಾಯಿತು. ಈಗ ಅದರ ಪಕ್ಕೆಗಳು ಯಾರ ಕಣ್ಣಿಗೂ ಬೀಳವು. ಆದರೂ ಅಡಿಮರದ ನೇರಕ್ಕೆ ಕಣ್ಣಿಟ್ಟು ನೋಡಿದವರಿಗೆ ಅವು ಹೇಗಿವೆಯೆಂಬದು ತಿಳಿಯುವದು. ನೀವೂ ಹಾಗೆ ಕಟ್ಟಿರಿ.