ಕಡಲಿನ ಶಾಖವೂ ಬಯಲುಸೀಮೆಯ ಮಳೆಯೂ

ಬೆಂಗಳೂರು ನಗರದ ಪೂರ್ವಭಾಗದಲ್ಲಿ, ಹಲಸೂರಿಗೂ ಕೃಷ್ಣರಾಜಪುರಕ್ಕೂ ನಡುವೆ, ಸಿ.ವಿ. ರಾಮನ್ ನಗರವೆಂಬ ಬಡಾವಣೆಯಿರುವುದು. ಅದರ ಮಗ್ಗುಲಲ್ಲಿರುವ ಬೈರಸಂದ್ರ, ಕಗ್ಗದಾಸಪುರಗಳು ಹಿಂದೆ ಬೇಸಾಯದ ಹಳ್ಳಿಗಳಾಗಿದ್ದುವು. ಅವುಗಳ ಹೆಸರಿನ ಕೆರೆಗಳು ಇಂದಿಗೂ ಇವೆ. ಈ ಪ್ರದೇಶವು ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದಲ್ಲಿದ್ದು, ಪೂರ್ವಪಶ್ಚಿಮಗಳ ಯಾವ ಕಡಲಿಗಾದರೂ ನೂರೈವತ್ತು ಮೈಲಿಗಿಂತ ಹೆಚ್ಚು ದೂರವಿರುವುದು. ಆದರೂ 2022ನೆಯ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದಿಕ್ಕಿನ ಕೆರೆಗಳು ಕೋಡಿ ಹರಿದು ಮನೆಗಳಿಗೆ ನೀರು ನುಗ್ಗಿತು; 2024ನೆಯ ಬೇಸಗೆಯಲ್ಲಿ ಅದೇ ಭಾಗದ ಕೊಳವೆಬಾವಿಗಳು ಬತ್ತಿಹೋದುವು. ಕೆರೆಗಳ ಅಂಗಳವೂ ರಾಜಕಾಲುವೆಗಳೂ ಒತ್ತುವರಿಯಾದುದು ಇವೆರಡಕ್ಕೂ ಒಂದು ಕಾರಣ. ಮತ್ತೊಂದು ಕಾರಣವನ್ನು ಸಾವಿರಾರು ಮೈಲಿ ಆಚೆಯ ಸಮುದ್ರಗಳಲ್ಲಿ ಹುಡುಕಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಏಕೆ ತಿಳಿಯಬೇಕೆಂಬುದು ಮುಂದೆ ವಿಶದವಾಗುವುದು.

ಈ ಬಡಾವಣೆಗೆ ಯಾರ ಹೆಸರನ್ನಿಟ್ಟಿರುವರೋ ಆ ಚಂದ್ರಶೇಖರ ವೆಂಕಟರಾಮನ್ ರವರು 1921ರಲ್ಲಿ ಹಡಗಿನಲ್ಲಿ ಪ್ರಯಾಣ ಮಾಡುತ್ತ ಸಮುದ್ರದ ನೀಲವರ್ಣವನ್ನು ಪರೀಕ್ಷಿಸಿದರು. ಆ ಬಣ್ಣವು ಆಕಾಶದ ಪ್ರತಿಬಿಂಬಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚೆದರಿಸುವುದರಿಂದ ಉಂಟಾದುದು ಎಂದು ಅವರು ತೋರಿಸಿಕೊಟ್ಟರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ಸಂಸ್ಥೆಯಲ್ಲಿ ಈಗ ಸಮುದ್ರದ ಶಾಖವನ್ನು ಅಳೆಯುವ ವಿದ್ವಾಂಸರಿದ್ದಾರೆ. ಸಮುದ್ರದ ಬಣ್ಣಕ್ಕಿಂತ ಅದರ ಶಾಖವೇ ವ್ಯವಸಾಯಗಾರನಿಗೆ ಹತ್ತಿರದ ವಿಷಯ.

ಸಮುದ್ರವು ಶಾಖದ ಕಣಜ

ಸುಗ್ಗಿಯ ಧಾನ್ಯವನ್ನು ಕಣಜದಲ್ಲಿ ತುಂಬಿ ವರ್ಷವೆಲ್ಲ ತೆಗೆದು ಬಳಸುವಂತೆ, ಭೂಮಿಯು ಸೂರ್ಯನಿಂದ ಪಡೆದ ಶಾಖವನ್ನು ಸಮುದ್ರದಲ್ಲಿ ಕೂಡಿಟ್ಟು ಬಳಸುತ್ತದೆ. ಒಂದು ಸ್ಥಳದ ಮೇಲಿರುವ ಸಮಸ್ತ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವಷ್ಟು ಶಾಖವು, ಸಮುದ್ರದ ಮೇಲ್ಭಾಗದ ಸುಮಾರು ಎರಡೂವರೆ ಮೀಟರು ಆಳದ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುತ್ತದೆ. ಆದಕಾರಣ ಗಾಳಿಯು ದಿನದಿನಕ್ಕೆ ಬದಲಾದರೂ ಸಮುದ್ರವು ತನ್ನ ಸ್ಥಿತಿಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವುದು. ಮಳೆಯ ವಿಷಯವನ್ನು ಕೆಲವು ತಿಂಗಳು ಮುಂಚಿತವಾಗಿ ಊಹಿಸಲು ಸಾಧ್ಯವಾಗಿರುವುದು ಈ ಗುಣದಿಂದಲೇ.

ಹೊಗೆಯಿಂದಲೂ ಇಂಧನಗಳಿಂದಲೂ ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತಲೂ ಅಧಿಕವಾದುದು ಸಮುದ್ರಗಳನ್ನೇ ಸೇರುತ್ತಿದೆ. 1951ರಿಂದ 2015ರ ವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು. ಇದು ಅಲ್ಪವೆಂದು ತೋರಬಹುದು. ಆದರೆ ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿಯು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುವುದು.

ಸಮುದ್ರದ ಬಿಸಿಯಲೆ

ನೆಲದ ಮೇಲೆ ಬಿಸಿಗಾಳಿ ಬೀಸುವಂತೆ ಸಮುದ್ರಕ್ಕೂ ಜ್ವರ ಬರುವುದುಂಟು. ಒಂದು ಸ್ಥಳದಲ್ಲಿ ಆಯಾ ಋತುವಿನಲ್ಲಿ ಅನೇಕ ವರ್ಷಗಳಿಂದ ಅಳೆದ ಉಷ್ಣಮಾನಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿದ ಬಿಸಿಯು ಎಡೆಬಿಡದೆ ಐದು ದಿನವಾದರೂ ನಿಂತರೆ, ಅದನ್ನು ಶಾಸ್ತ್ರಜ್ಞರು ಸಮುದ್ರದ ಬಿಸಿಯಲೆ ಎಂದು ಕರೆಯುವರು. ಗಾಳಿಯ ವೇಗ ತಗ್ಗಿದಾಗಲೂ, ಮೋಡವಿಲ್ಲದೆ ಬಿಸಿಲು ಬಹುದಿನ ಕಾದಾಗಲೂ ಇದು ಹುಟ್ಟುತ್ತದೆ.

ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕಾಲ್ ಮತ್ತು ಅವರ ಸಂಗಡಿಗರು 1982ರಿಂದ 2018ರ ವರೆಗಿನ ಲೆಕ್ಕಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದರು. ಆ ಅವಧಿಯಲ್ಲಿ ಹಿಂದೂ ಮಹಾಸಾಗರದ ಪಶ್ಚಿಮಭಾಗದಲ್ಲಿ 66, ಬಂಗಾಳ ಕೊಲ್ಲಿಯಲ್ಲಿ 94 ಬಿಸಿಯಲೆಗಳು ಎದ್ದುವು. ಇವು ಎದ್ದಾಗ ಮಧ್ಯ ಭಾರತದಲ್ಲಿ ಮಳೆ ಕುಗ್ಗುವುದೆಂದೂ, ಬಂಗಾಳ ಕೊಲ್ಲಿಯ ಉತ್ತರಭಾಗದ ಬಿಸಿಯಲೆಯ ಕಾಲದಲ್ಲಿ ದಕ್ಷಿಣ ಪರ್ಯಾಯದ್ವೀಪದಲ್ಲಿ ಮಳೆ ಹೆಚ್ಚುವುದೆಂದೂ ಕಂಡುಬಂತು. 2020ರ ಮೇ ತಿಂಗಳಿನ ಬಿಸಿಯಲೆಯಿಂದ ತಮಿಳುನಾಡಿನ ಬಳಿಯ ಮನ್ನಾರ್ ಕೊಲ್ಲಿಯಲ್ಲಿ ನೂರಕ್ಕೆ 85ರಷ್ಟು ಹವಳಗಳು ಬಣ್ಣಗೆಟ್ಟು ಬಿಳಿಚಿಕೊಂಡುವು.

ಬೆಂಗಳೂರಿನ ವಿದ್ವಾಂಸರ ಶೋಧನೆ

1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಾಮಾಗಾಟಾ ಎಂಬ ನಾಲ್ವರು ಹಿಂದೂ ಮಹಾಸಾಗರದ ಒಂದು ವಿಶೇಷ ಸ್ವಭಾವವನ್ನು ಲೋಕಕ್ಕೆ ತಿಳಿಸಿದರು. ಇವರಲ್ಲಿ ಗೋಸ್ವಾಮಿಯವರು ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ವಿನಯಚಂದ್ರನ್ ರವರು ತರುವಾಯ ಅಲ್ಲಿಯೇ ಪ್ರಾಧ್ಯಾಪಕರಾದರು. ಕೆಲವು ವರ್ಷಗಳಲ್ಲಿ ಆಫ್ರಿಕದ ಕಡೆಯ ನೀರು ವಾಡಿಕೆಗಿಂತ ಬಿಸಿಯಾಗಿ ಸುಮಾತ್ರದ ಕಡೆಯ ನೀರು ತಣ್ಣಗಾಗುವುದು. ಕೆಲವು ವರ್ಷಗಳಲ್ಲಿ ಇದು ತಿರುವುಮುರುವಾಗುವುದು. ತಕ್ಕಡಿಯ ಎರಡು ತಟ್ಟೆಗಳಂತಿರುವ ಈ ಏರಿಳಿತಕ್ಕೆ ದ್ವಿಧ್ರುವವೆಂದು ಹೆಸರು. ಪಶ್ಚಿಮವು ಬಿಸಿಯಾದರೆ ಧನ, ಪೂರ್ವವು ಬಿಸಿಯಾದರೆ ಋಣ. ಧನಸ್ಥಿತಿಯು ಸಾಮಾನ್ಯವಾಗಿ ನಮ್ಮ ಮುಂಗಾರಿಗೆ ಸಹಾಯಕವಾದುದು.

2016ರ ಜೂನ್, ಜುಲೈ ತಿಂಗಳುಗಳಲ್ಲಿ ವಿನಯಚಂದ್ರನ್ ರವರೂ ಬ್ರಿಟನ್ನಿನ ವಿದ್ವಾಂಸರೂ ‘ಸಿಂಧು ಸಾಧನ’ವೆಂಬ ಹಡಗಿನಲ್ಲಿ ಬಂಗಾಳ ಕೊಲ್ಲಿಯ ದಕ್ಷಿಣಭಾಗಕ್ಕೆ ಹೋಗಿ ನೀರಿನ ಉಪ್ಪನ್ನೂ ಶಾಖವನ್ನೂ ಅಳೆದರು. ಆ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ ಮುಂತಾದ ನದಿಗಳ ಸಿಹಿನೀರು ಬಂದು ಸೇರುವುದು. ಸಿಹಿನೀರು ಹಗುರವಾದುದರಿಂದ ಮೇಲೆಯೇ ನಿಂತು, ಕೆಳಗಿನ ತಣ್ಣೀರು ಸುಲಭವಾಗಿ ಬೆರೆಯದಂತೆ ತಡೆಯುತ್ತದೆ. ಆದಕಾರಣ ಕೊಲ್ಲಿಯ ಮೇಲ್ಮೈ ಬೇಗ ಬಿಸಿಯೇರಿ, ಮೋಡವೂ ವಾಯುಭಾರದ ಕುಸಿತವೂ ಅಲ್ಲಿ ಮೇಲಿಂದ ಮೇಲೆ ಹುಟ್ಟುವುವು.

ಎರಡು ವರ್ಷಗಳ ಪಾಠ

ಪೆಸಿಫಿಕ್ ಮಹಾಸಾಗರದ ಮಧ್ಯಪೂರ್ವಭಾಗವು ಬಿಸಿಯಾಗುವುದಕ್ಕೆ ಎಲ್ ನಿನೊ ಎಂದೂ, ತಣ್ಣಗಾಗುವುದಕ್ಕೆ ಲಾ ನಿನಾ ಎಂದೂ ಹೆಸರು. ಮೊದಲನೆಯದು ನಮ್ಮ ಮಳೆಗೆ ಅನೇಕ ವೇಳೆ ಹಾನಿಕರ, ಎರಡನೆಯದು ಅನುಕೂಲ. 2022ರಲ್ಲಿ ಲಾ ನಿನಾ ಇದ್ದಿತು. ಬೆಂಗಳೂರಿನ ವಾರ್ಷಿಕ ಮಳೆಯು ಅದುವರೆಗಿನ ದಾಖಲೆಯನ್ನು ಮೀರಿತು. ಮರುವರ್ಷ ಎಲ್ ನಿನೊ ತಲೆದೋರಿತು. 2023ರ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕ ಸರ್ಕಾರವು ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿ, ಬಳಿಕ ಆ ಸಂಖ್ಯೆಯನ್ನು 223ಕ್ಕೆ ಏರಿಸಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 1997ರಲ್ಲಿಯೂ ಪ್ರಬಲವಾದ ಎಲ್ ನಿನೊ ಇದ್ದಿತು. ಆದರೆ ದ್ವಿಧ್ರುವವು ಧನಸ್ಥಿತಿಯಲ್ಲಿದ್ದು ದೇಶದ ಮುಂಗಾರು ಸರಾಸರಿಗೆ ಕಡಿಮೆಯಾಗಲಿಲ್ಲ. 2023ರಲ್ಲಿಯೂ ಧನಸ್ಥಿತಿ ಬಂದಿತಾದರೂ, ಅದು ಬಲಗೊಳ್ಳುವ ವೇಳೆಗೆ ಮುಂಗಾರಿನ ಮುಖ್ಯಕಾಲ ಮುಗಿದಿದ್ದಿತು. ಆದುದರಿಂದ ಸಮುದ್ರದ ಯಾವ ಒಂದು ಚಿಹ್ನೆಯನ್ನೇ ನಂಬಿ ಬಿತ್ತನೆಯನ್ನು ನಿಶ್ಚಯಿಸುವುದು ಯುಕ್ತವಲ್ಲ.

ಗ್ರಾಮಗಳಲ್ಲಿ ಮಾಡತಕ್ಕದ್ದು

1. ಹವಾಮಾನ ಇಲಾಖೆಯು ಏಪ್ರಿಲ್ ತಿಂಗಳಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಪ್ರಕಟಿಸಿ ಮೇ ತಿಂಗಳ ಕೊನೆಯಲ್ಲಿ ತಿದ್ದುವುದು. ಎಲ್ ನಿನೊ, ದ್ವಿಧ್ರುವಗಳ ಸ್ಥಿತಿಯೂ ಅದರಲ್ಲಿರುವುದು. ಏಪ್ರಿಲ್ ತಿಂಗಳಿನದನ್ನು ಮಾತ್ರ ಓದಿ ಬಿಡದೆ ಎರಡನೆಯದನ್ನೂ ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು.

2. ಆ ಮುನ್ಸೂಚನೆಯಲ್ಲಿ ‘ಸಾಮಾನ್ಯ’ವೆಂದರೆ ಇಡೀ ದೇಶದ ದೀರ್ಘಕಾಲದ ಸರಾಸರಿಯಾದ 87 ಸೆಂಟಿಮೀಟರಿನಲ್ಲಿ ನೂರಕ್ಕೆ 96ರಿಂದ 104ರ ವರೆಗೆ ಎಂದರ್ಥ. ಅದು ಒಂದು ಹೋಬಳಿಯ ಮಳೆಯ ಲೆಕ್ಕವಲ್ಲ. ನೂರಕ್ಕೆ 60ರಷ್ಟು ಸಂಭವವೆಂದರೆ, ಅಂತಹ ಹತ್ತು ವರ್ಷಗಳಲ್ಲಿ ಆರು ಹಾಗೆಯೂ ನಾಲ್ಕು ಬೇರೆ ರೀತಿಯಾಗಿಯೂ ಆಗುವುದೆಂದು ಭಾವಿಸತಕ್ಕದ್ದು.

3. ಎಲ್ ನಿನೊ ಸೂಚನೆಯಿರುವ ವರ್ಷ ಬಿತ್ತನೆಯ ರಾಗಿಯೆಲ್ಲವನ್ನೂ ದೀರ್ಘಾವಧಿಯ ತಳಿಯಲ್ಲಿಯೇ ಹಾಕದೆ, ಅಲ್ಪಾವಧಿಯ ತಳಿಗೂ ಒಂದು ಪಾಲನ್ನು ಇಡತಕ್ಕದ್ದು. ಅಕ್ಕಡಿಯಾಗಿ ಅವರೆ, ತೊಗರಿಗಳನ್ನು ಬಿಡಬಾರದು. ಮಳೆ ತೀರ ತಡವಾದರೆ ಬಿತ್ತಲು ಹುರುಳಿಯ ಬೀಜವನ್ನು ಮೊದಲೇ ಕೂಡಿಟ್ಟಿರಬೇಕು.

4. ಮಳೆ ಅಧಿಕವೆಂಬ ಸೂಚನೆಯಿರಲಿ, ಕಡಿಮೆಯೆಂಬ ಸೂಚನೆಯಿರಲಿ, ಬೇಸಗೆಯಲ್ಲಿಯೇ ಕೆರೆಯ ಹೂಳನ್ನು ತೆಗೆಯಿಸಿ, ಏರಿಯನ್ನು ಭದ್ರಪಡಿಸಿ, ತೂಬನ್ನು ರಿಪೇರಿ ಮಾಡಿಸಿ, ಕೋಡಿಯ ಹಾದಿಯನ್ನು ತೆರವು ಮಾಡಿಸತಕ್ಕದ್ದು. ಬರದ ವರ್ಷದಲ್ಲಿ ಬೀಳುವ ಒಂದೆರಡು ದೊಡ್ಡ ಮಳೆಗಳನ್ನು ಹಿಡಿದಿಡುವುದೂ ಅದೇ ಕೆರೆ, ಅತಿವೃಷ್ಟಿಯ ವರ್ಷದಲ್ಲಿ ಊರನ್ನು ಕಾಯುವುದೂ ಅದೇ ಕೆರೆ.

5. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಊರಿನ ಮಳೆಯ ಲೆಕ್ಕವನ್ನು ಪ್ರತಿವರ್ಷವೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಎದುರಿಗೆ ಆ ವರ್ಷದ ಎಲ್ ನಿನೊ, ದ್ವಿಧ್ರುವಗಳ ಸ್ಥಿತಿಯನ್ನು ಗುರುತಿಸಿದರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಆ ಊರಿಗೇ ಸಲ್ಲುವ ಅನುಭವವು ಕೈಸೇರುವುದು.

ಹಿಂದಿನವರು ಮಳೆನಕ್ಷತ್ರಗಳನ್ನೂ ಗಾಳಿಯ ದಿಕ್ಕನ್ನೂ ನೋಡಿ ಬೇಸಾಯ ಮಾಡಿದರು. ಸಮುದ್ರವು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಹಳೆಯ ಲೆಕ್ಕಗಳು ತಪ್ಪುವ ಸಂದರ್ಭಗಳು ಹೆಚ್ಚುತ್ತಿವೆ. ಕಡಲಿನ ವರ್ತಮಾನವನ್ನೂ ಅವುಗಳ ಜೊತೆಗೆ ಸೇರಿಸಿಕೊಂಡ ಗ್ರಾಮಕ್ಕೆ ಮಳೆಯು ಹೆಚ್ಚಾಗಿ ಬಾರದಿರಬಹುದು. ಆದರೆ ಬಂದ ಮಳೆ ವ್ಯರ್ಥವಾಗದು, ಬಾರದ ಮಳೆಯಿಂದ ಬೀಜಕ್ಕೂ ದನಕರುಗಳಿಗೂ ಆಗುವ ನಷ್ಟವು ತಗ್ಗುವುದು.