ಸಂಕಟಕಾಲದಲ್ಲಿ ಶ್ರೀಸಾಮಾನ್ಯ ಭಕ್ತರು

ಧರ್ಮವು ಗುಡಿಯ ಕಲ್ಲಿನಲ್ಲಾಗಲಿ ಮಠದ ಗೋಡೆಯಲ್ಲಾಗಲಿ ಬಾಳುವುದಿಲ್ಲ. ಅದನ್ನು ನಂಬಿ ನಡೆಯುವ ಜನರಲ್ಲಿ ಬಾಳುತ್ತದೆ. ರಾಯಚೂರು ಸೀಮೆಯವರಾದ ನಮಗೆ ಈ ಮಾತು ಹೊಸದಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರೂ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರೂ ಹುಟ್ಟಿದರು. ಮಾನ್ವಿಯಲ್ಲಿ ಜಗನ್ನಾಥದಾಸರು ನೆಲೆಸಿದರು. ಪಂಡಿತರ ಸಂಸ್ಕೃತದಲ್ಲಿದ್ದ ತತ್ತ್ವವನ್ನು ಕನ್ನಡದ ಹಾಡಾಗಿಸಿ ಮನೆಮನೆಗೆ ಮುಟ್ಟಿಸಿದವರು ಇವರು. ಇದೇ ದೃಷ್ಟಿಯಿಂದ ಕರ್ನಾಟಕದ ಕ್ಯಾಥೊಲಿಕ್ ಕ್ರೈಸ್ತರ ಇತಿಹಾಸದ ಒಂದು ಅಧ್ಯಾಯವನ್ನು ನೋಡುವುದು ಈ ಲೇಖನದ ಉದ್ದೇಶ.

ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಜಗದ್ಗುರು ಪೋಪರು, ಅವರ ಕೆಳಗೆ ಧರ್ಮಾಧ್ಯಕ್ಷರು, ಅವರ ಕೆಳಗೆ ಗುರುಗಳು ಎಂಬ ಕ್ರಮವುಂಟು. ಉಳಿದವರೆಲ್ಲರೂ ಶ್ರೀಸಾಮಾನ್ಯ ಭಕ್ತರು. ಉಪದೇಶ ಕೇಳುವುದು, ಕಾಣಿಕೆ ಕೊಡುವುದು, ಇಷ್ಟೇ ಇವರ ಕರ್ತವ್ಯವೆಂಬ ಭಾವನೆ ಬಹುಕಾಲ ಬೇರೂರಿತ್ತು. ಆದರೆ ಗುರುಗಳೇ ಇಲ್ಲವಾದಾಗ ಭಕ್ತರು ಏನು ಮಾಡಬೇಕು? ಗುರುಹಿರಿಯರಲ್ಲಿಯೇ ಅಧಿಕಾರದ ಜಗಳ ಹುಟ್ಟಿದಾಗ ಯಾರ ಬಾಗಿಲಿಗೆ ಹೋಗಬೇಕು? ಮಂಗಳೂರಿನ ಕ್ಯಾಥೊಲಿಕರಿಗೆ ನೂರು ವರ್ಷಗಳೊಳಗೆ ಈ ಎರಡು ಪ್ರಶ್ನೆಗಳೂ ಎದುರಾದವು.

ಮೊದಲನೆಯದು 1784ರಲ್ಲಿ. ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಗುರುಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳು ನೆಲಸಮವಾದವು. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೂ ಉಳಿಯಲಿಲ್ಲ. ಹದಿನೈದು ವರ್ಷಗಳ ಸೆರೆವಾಸದಲ್ಲಿ ಅನೇಕರು ಅಳಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರಿಗೆ ಮರಳಿ, ಕಳೆದುಹೋದ ಹೊಲಮನೆಗಳನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಲು ತೊಡಗಿದರು. ಗುರುಗಳ ಆಸರೆಯಿಲ್ಲದ ಅಷ್ಟು ವರ್ಷ ನಂಬಿಕೆಯು ಉಳಿದುಬಂದದ್ದು ತಾಯಿತಂದೆಗಳ ಬಾಯಿಂದ ಮಕ್ಕಳ ಕಿವಿಗೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಎರಡನೆಯ ಸಂಕಟ ಹೊರಗಿನಿಂದ ಬಂದುದಲ್ಲ. ಗೋವೆಯ ಮೂಲಕ ಪೂರ್ವದೇಶಗಳ ಧರ್ಮಸಭೆಯನ್ನು ಪೋಷಿಸುವ ಹಕ್ಕು ಪೋರ್ಚುಗಲ್ಲಿನ ಅರಸರಿಗೆ ಹಿಂದಿನಿಂದ ಇತ್ತು. ಇದಕ್ಕೆ ಪಾದ್ರುವಾದೊ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ರೋಮಾಪುರಿಯು ತಾನೇ ನೇರವಾಗಿ ಅಧಿಕಾರಿಗಳನ್ನು ನೇಮಿಸತೊಡಗಿದಾಗ ಭಾರತದ ಅನೇಕ ಕಡೆಗಳಲ್ಲಿ ಭಕ್ತರು ಎರಡು ಪಕ್ಷವಾದರು. ಮಂಗಳೂರಿನಲ್ಲಿಯೂ ಗೋವೆಯ ಕಡೆಯವರು, ರೋಮಿನ ಕಡೆಯವರು ಎಂಬ ಒಡಕು ಹುಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ, ಈ ಕಲಹದಲ್ಲಿ ಸೊರಗಿದ್ದು ಮಕ್ಕಳ ವಿದ್ಯಾಭ್ಯಾಸ. ಅತ್ತ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳನ್ನು ಕಟ್ಟುತ್ತ ಮುಂದುವರಿದಿದ್ದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಹೊರಟಿದ್ದು ಅವರ ಕೈಯಿಂದಲೇ. ಕ್ಯಾಥೊಲಿಕ್ ತರುಣರಾದರೋ ಉನ್ನತ ವಿದ್ಯೆಗಾಗಿ ಮುಂಬಯಿಗೋ ಮದರಾಸಿಗೋ ಹೋಗಬೇಕಾಗಿತ್ತು.

ಆಗ ಮುಂದೆ ಬಂದವರು ಶ್ರೀಸಾಮಾನ್ಯ ಭಕ್ತರು. ಅವರು ರೋಮಾಪುರಿಗೆ ಒಂದಲ್ಲ, ಹಲವು ಮನವಿಗಳನ್ನು ಕಳಿಸಿದರು. ಯೇಸುಸಭೆಯ ಗುರುಗಳನ್ನು ಕಳಿಸಿಕೊಡಬೇಕು, ತಮ್ಮ ಊರಿನಲ್ಲಿಯೇ ಉನ್ನತ ವಿದ್ಯಾಸಂಸ್ಥೆ ಆಗಬೇಕು ಎಂಬುದು ಅವರ ಬೇಡಿಕೆ. ಕೊನೆಗೆ 13ನೆಯ ಲಿಯೋ ಪೋಪರು 1878ರ ಸೆಪ್ಟೆಂಬರ್ 27ರ ಆಜ್ಞಾಪತ್ರದಿಂದ ಮಂಗಳೂರನ್ನು ಇಟಲಿಯ ಯೇಸುಸಭೆಯವರಿಗೆ ಒಪ್ಪಿಸಿದರು. ಆ ವರ್ಷದ ಕಡೆಯ ದಿನ ಗುರುಗಳು ಮಂಗಳೂರು ತಲುಪಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದು ನೆಲೆನಿಂತ ಗುಡ್ಡದ ಭೂಮಿಯನ್ನು ದಾನವಿತ್ತವರು ಲಾರೆನ್ಸ್ ಲೋಬೊ ಪ್ರಭುಗಳು. ಪಾದ್ರುವಾದೊ ಕಲಹವೂ 1886ರ ಒಪ್ಪಂದದಿಂದ ಬಹುಮಟ್ಟಿಗೆ ಶಮನವಾಗಿ, ಅದೇ ವರ್ಷ ಮಂಗಳೂರು ಧರ್ಮಪ್ರಾಂತವಾಯಿತು. ಸಂಘಟನೆಯ ರುಚಿ ಕಂಡ ಜನ ಅಲ್ಲಿಗೆ ನಿಲ್ಲಲಿಲ್ಲ: 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು, 1914ರಲ್ಲಿ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಸಂಘವನ್ನು ಸ್ಥಾಪಿಸಿಕೊಂಡರು.

ಈ ಚರಿತ್ರೆಯಿಂದ ಕಲಿಯತಕ್ಕ ಅಂಶಗಳು ಮೂರು. ಮೊದಲನೆಯದು, ಅವರು ಧರ್ಮಸಭೆಯನ್ನು ಬಿಟ್ಟು ಹೋಗಲಿಲ್ಲ. ಹಾಗೆಂದು ಸುಮ್ಮನೆ ಕೂಡಲೂ ಇಲ್ಲ. ಒಳಗಿದ್ದುಕೊಂಡೇ ಕೇಳಿದರು, ಉತ್ತರ ಬರುವವರೆಗೆ ಕೇಳಿದರು. ಎರಡನೆಯದು, ದೂರು ಹೇಳಿದ ಬಾಯಿಯ ಜೊತೆಗೆ ಕೊಡುವ ಕೈಯೂ ಇತ್ತು. ಮೂರನೆಯದು ಒಂದು ಕೊರತೆ. ಮನವಿಯ ಮುಂದಾಳುಗಳು ಅನುಕೂಲಸ್ಥರು; ಗೇಣಿದಾರನ, ಕೂಲಿಯವನ, ಹೆಣ್ಣುಮಕ್ಕಳ ದನಿ ಅದರಲ್ಲಿ ಎಷ್ಟು ಸೇರಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳದೆ ಬಿಡಬಾರದು. ಉಳ್ಳವರಷ್ಟೇ ಕೂಡಿದ ಸಂಘಟನೆಯು ಸುಧಾರಣೆಯ ಅರ್ಧದಾರಿ ಮಾತ್ರ.

ಅಂದು ಮಂಗಳೂರಿನವರು ಮಾಡಿದ ಕೆಲಸಕ್ಕೆ ಎರಡನೆಯ ವ್ಯಾಟಿಕನ್ ಮಹಾಸಭೆಯು (1962-65) ತತ್ತ್ವದ ಆಧಾರವನ್ನು ಕೊಟ್ಟಿತು. ಧರ್ಮಸಭೆಯೆಂದರೆ ದೇವಜನರು, ಅದರ ಕೆಲಸದಲ್ಲಿ ಶ್ರೀಸಾಮಾನ್ಯರಿಗೂ ಪಾಲುಂಟು ಎಂದು ಸಾರಿದ ಮಹಾಸಭೆ, ಅವರ ಸೇವೆಯನ್ನು ಕುರಿತೇ 1965ರ ನವೆಂಬರಿನಲ್ಲಿ ಒಂದು ಪ್ರತ್ಯೇಕ ಶಾಸನವನ್ನು ಹೊರಡಿಸಿತು. ಲತೀನಿನ ಬದಲು ಜನರ ನುಡಿಯಲ್ಲಿ ಪೂಜೆ ನಡೆಸಲು ಅನುಮತಿಯೂ ದೊರೆಯಿತು. ಬಳಿಕ ಬೆಂಗಳೂರಿನಲ್ಲಿ ಕನ್ನಡದ ಪೂಜೆಗಾಗಿ ಸಂಘ ಕಟ್ಟಿ ಹೋರಾಡಿದವರೂ ಶ್ರೀಸಾಮಾನ್ಯರೇ. ಚೀಕಲಪರ್ವಿಯ ದಾಸರು ಕೇಳಿದ್ದರೆ ಇದನ್ನು ಮೆಚ್ಚುತ್ತಿದ್ದರೇನೋ!

ನಮ್ಮ ಜಿಲ್ಲೆಗೂ ಈ ವಿಷಯ ದೂರದ್ದಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಕ್ಯಾಥೊಲಿಕರು ನೆಲೆಸಿದ್ದಾರೆ. ರಾಯಚೂರು ಜಿಲ್ಲೆ ಸೇರಿರುವ ಬಳ್ಳಾರಿ ಧರ್ಮಪ್ರಾಂತವು ರಚನೆಯಾದದ್ದು 1949ರಲ್ಲಿ. ಎರಡೂ ಕಾಲಗಳ ನಡುವೆ ಅರಸೊತ್ತಿಗೆಗಳು ಬಂದುಹೋದವು. ನಂಬಿದವರ ಮನೆಯ ದೀಪ ಮಾತ್ರ ಆರಲಿಲ್ಲ.

ಪ್ರಿಯ ಸಹಪಾಠಿಗಳೇ, ಇದು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ ಪಾಠವೆಂದು ತಿಳಿಯಬೇಡಿ. ಮಠವಾಗಲಿ, ಮಸೀದಿಯಾಗಲಿ, ಗ್ರಾಮಪಂಚಾಯಿತಿಯಾಗಲಿ, ನಮ್ಮ ಕಾಲೇಜಿನ ಸಂಘಗಳೇ ಆಗಲಿ, ಕಷ್ಟ ಬಂದಾಗ 'ದೊಡ್ಡವರು ನೋಡಿಕೊಳ್ಳುತ್ತಾರೆ' ಎಂದು ಕೈಕಟ್ಟಿ ಕುಳಿತರೆ ಸಂಸ್ಥೆ ಹಾಳಾಗುತ್ತದೆ. ಗೌರವ ಬಿಡದೆ ಕೇಳುವ ಎದೆಗಾರಿಕೆ, ಕೇಳಿದ್ದಕ್ಕೆ ಹೆಗಲು ಕೊಡುವ ಮನಸ್ಸು, ಕೊನೆಯ ಸಾಲಿನವನನ್ನೂ ಕೂಡಿಸಿಕೊಳ್ಳುವ ಔದಾರ್ಯ, ಈ ಮೂರೂ ಸೇರಿದಲ್ಲಿ ಯಾವ ಸಂಸ್ಥೆಗಾದರೂ ಮರುಹುಟ್ಟು ಉಂಟು.